ಅಳೆಯದೆ ಬರೆದ ಸೊನ್ನೆ: ಕೊಡಗಿನ ಒಂದು ಕಾಫಿ ತೋಟದ ಸುರಕ್ಷತೆಯ ಲೆಕ್ಕ

ಫೆಬ್ರುವರಿಯ ಒಂದು ಮಧ್ಯಾಹ್ನ. ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ ಕರಿಮೆಣಸು ಕುಯ್ಲು ನಡೆಯುತ್ತಿತ್ತು. ಇಬ್ಬರು ಕೆಲಸಗಾರರು ಅಲ್ಯೂಮಿನಿಯಂ ಏಣಿಯನ್ನು ಮೆಣಸಿನ ಬಳ್ಳಿ ಹಬ್ಬಿದ ಒಂದು ಸಿಲ್ವರ್ ಓಕ್ ಮರದಿಂದ ಮುಂದಿನ ಮರಕ್ಕೆ ಸಾಗಿಸುತ್ತಿದ್ದರು. ಮಲಗಿಸದೆ, ನಿಲ್ಲಿಸಿಕೊಂಡೇ. ಹಾಗೆ ಮಾಡಿದರೆ ಕೆಲಸ ಬೇಗ ಆಗುತ್ತದೆ. ಒಬ್ಬನ ಕಾಲು ಕಾಫಿ ಗಿಡದ ಬುಡದ ಗುಂಡಿಗೆ ಇಳಿಯಿತು. ಏಣಿ ವಾಲಿತು. ಮೇಲೆ 11 ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ ವಿದ್ಯುತ್ ತಂತಿ. ಏಣಿಯ ತುದಿ ಪಕ್ಕದ ಮರದ ಕೊಂಬೆಗೆ ಸಿಕ್ಕಿ ನಿಂತಿತು. ತಂತಿಗೂ ಅದಕ್ಕೂ ನಡುವೆ ಒಂದು ಮೊಳ ಇತ್ತು ಎಂದು ಆಮೇಲೆ ಅವರೇ ಹೇಳಿದರು. ಇಬ್ಬರೂ ಸ್ವಲ್ಪ ಹೊತ್ತು ಕೂತರು, ನೀರು ಕುಡಿದರು, ಮತ್ತೆ ಎದ್ದು ಮೆಣಸು ಬಿಡಿಸಲು ಹೋದರು.

ಆ ಸಂಜೆ ತೋಟದ ಅಪಘಾತ ಪುಸ್ತಕದಲ್ಲಿ ರೈಟರ್, ಅಂದರೆ ತೋಟದ ಗುಮಾಸ್ತ, ಬರೆದದ್ದು ಒಂದೇ ಪದ: ಇಲ್ಲ.

ಮೂರು ವಾರ ಕಳೆದ ಮೇಲೆ ನಾನು ಅಲ್ಲಿಗೆ ಹೋದೆ. ಮೈಸೂರಿನ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ತುಂಬ ವರ್ಷ ಕೆಲಸ ಮಾಡಿ ಊರಿಗೆ ಮರಳಿದವನು ನಾನು. ತೋಟದ ಮಾಲೀಕರು ನನಗಿಂತ ಕಿರಿಯರು. "ಅಣ್ಣ, ಕಾಫಿ ತಗೊಳ್ಳೋ ಕಂಪನಿಯವರು ಆಡಿಟ್‌ಗೆ ಬರ್ತಾರಂತೆ. ಒಂದು ಸಲ ಬಂದು ನಮ್ಮ ಪುಸ್ತಕ ನೋಡಿಬಿಡಿ" ಎಂದು ಫೋನ್ ಮಾಡಿದ್ದರು. ಪುಸ್ತಕ ಮುಂದಿಡುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು. 14 ತಿಂಗಳು ಸಾಲಾಗಿ 'ಇಲ್ಲ'. ಒಂದೇ ಕೈಬರಹ. ಕೆಲವು ಪುಟಗಳಲ್ಲಿ ಒಂದು ವಾರದ್ದನ್ನು ಒಟ್ಟಿಗೆ ಬರೆದಂತೆ ಶಾಯಿಯೂ ಒಂದೇ.

ಏಣಿಯ ವಿಷಯ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಹತ್ತು ಗಂಟೆಯ ಚಹಾ ಹೊತ್ತಿನಲ್ಲಿ, ಕಾಫಿ ಹೆಕ್ಕುತ್ತಿದ್ದ ಹೆಂಗಸರ ಜೊತೆ ಕೂತಾಗ. "ಅವತ್ತು ಇಬ್ರೂ ಹೋಗೇಬಿಡ್ತಿದ್ರು" ಎಂದು ಒಬ್ಬಾಕೆ ಮಾತಿನ ನಡುವೆ ಅಂದಳು. ಕೆಲಸಗಾರರು ವಾಸಿಸುವ ಲೈನ್ ಮನೆಯವರಿಗೆಲ್ಲ ಗೊತ್ತಿತ್ತು. ಆಫೀಸಿಗೆ ಮಾತ್ರ ಗೊತ್ತಿರಲಿಲ್ಲ.

ಮಳೆ ಪುಸ್ತಕ ಮತ್ತು ಅಪಘಾತ ಪುಸ್ತಕ

ಆಫೀಸಿನ ಮೇಜಿನ ಮೇಲೆ ಇನ್ನೊಂದು ಪುಸ್ತಕ ಇತ್ತು. ಮಳೆಯದು. ಕೊಡಗಿನ ತೋಟಗಾರರಿಗೆ ಇದನ್ನು ವಿವರಿಸಬೇಕಿಲ್ಲ. ದಿನಾ ಬೆಳಿಗ್ಗೆ ಮಾಪಕ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವುದು ನಮ್ಮಲ್ಲಿ ಅಪ್ಪ, ಅಜ್ಜಂದಿರ ಕಾಲದಿಂದ ಬಂದ ರೂಢಿ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಅದಾದ ಮೇಲೆ ಬೀಳಬೇಕಾದ ಬ್ಯಾಕಿಂಗ್ ಮಳೆ ಯಾವಾಗ ಬಂತು, ಎಲ್ಲವೂ ಅದರಲ್ಲಿರುತ್ತದೆ. ಈ ತೋಟದ ಮಳೆ ಪುಸ್ತಕ ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. 2018ರ ಆಗಸ್ಟ್ ತಿಂಗಳ ಆ ಭೀಕರ ದಿನಗಳಲ್ಲೂ ಒಂದು ಸಾಲೂ ತಪ್ಪಿರಲಿಲ್ಲ.

ನಾನು ಮಾಲೀಕರನ್ನು ಕೇಳಿದೆ. "ಮಳೆ ಬಾರದ ದಿನ ಏನು ಬರೀತೀರಿ?"

"ಸೊನ್ನೆ."

"ಮಾಪಕ ನೋಡೋಕೇ ಹೋಗದ ದಿನ?"

ಅವರು ಸ್ವಲ್ಪ ತಡೆದರು. "ಅವತ್ತಿನದು ಖಾಲಿ ಬಿಡ್ತೀವಿ. ನೋಡದೆ ಸೊನ್ನೆ ಹಾಕೋಕಾಗುತ್ತಾ? ಲೆಕ್ಕ ಕೆಡುತ್ತಲ್ಲ ಅಣ್ಣ."

ನಾನು ಅಪಘಾತ ಪುಸ್ತಕವನ್ನು ಮಳೆ ಪುಸ್ತಕದ ಪಕ್ಕಕ್ಕೆ ಸರಿಸಿದೆ. ಅವರಿಗೆ ಅರ್ಥವಾಯಿತು.

ಮುಂದಿನ ಎರಡು ದಿನ ನಾವು ಬೇರೆ ಕಾಗದಗಳನ್ನು ತೆಗೆದು ಕೂತೆವು. ಸಣ್ಣ ಖರ್ಚಿನ ಚೀಟಿಗಳು, ಕೂಲಿ ಹಾಜರಿಯ ಚೆಕ್‌ರೋಲ್, ಔಷಧಿ ಅಂಗಡಿಯ ಬಿಲ್ಲು. ಗಾಯವಾದಾಗ ಅಪಘಾತ ಪುಸ್ತಕದಲ್ಲಿ ಬರೆಯದೇ ಇರಬಹುದು. ಆದರೆ ಆಟೋಗೆ ದುಡ್ಡು ಕೊಡಲೇಬೇಕು, ಬ್ಯಾಂಡೇಜ್ ತರಲೇಬೇಕು. 14 ತಿಂಗಳಲ್ಲಿ ಆಸ್ಪತ್ರೆಗೆ ಹೋದ ಐದು ಆಟೋ ಚೀಟಿ ಸಿಕ್ಕವು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಮೂರು ಸಲ ಹತ್ತಿ, ಪ್ಲಾಸ್ಟರ್ ತುಂಬಿಸಿದ್ದರು. ಚೆಕ್‌ರೋಲ್‌ನಲ್ಲಿ ಒಬ್ಬನು ಜುಲೈನಲ್ಲಿ ಒಂಬತ್ತು ದಿನ ಬಂದಿಲ್ಲ. ಆಮೇಲೆ ಮರ ಹತ್ತುವ ಕೆಲಸ ಬಿಟ್ಟು ಇಪ್ಪತ್ತು ದಿನ ಆಫೀಸಿನ ಸುತ್ತ ಗುಡಿಸುವ ಕೆಲಸದಲ್ಲಿದ್ದಾನೆ. ಕೇಳಿದರೆ, ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ಮಾಡುವಾಗ ಪಾಚಿ ಹಿಡಿದ ಕೊಂಬೆಯಿಂದ ಜಾರಿ ಕಾಲು ಉಳುಕಿತ್ತು. ಮಾಲೀಕರು ಅವನು ಊರಿಗೆ ಹೋಗಿದ್ದ ಎಂದುಕೊಂಡಿದ್ದರು.

ಯಾಕೆ ಬರೆಸಲಿಲ್ಲ? ಉತ್ತರ ಕೇಳಿ ಮಾಲೀಕರು ಬೇಸರಪಟ್ಟರು. ಹಿಂದಿನ ವರ್ಷ ಅವರೇ ಒಳ್ಳೆಯ ಮನಸ್ಸಿನಿಂದ ಒಂದು ಮಾತು ಕೊಟ್ಟಿದ್ದರು. ಹುತ್ತರಿ ಹಬ್ಬದವರೆಗೆ ಒಂದೂ ಅಪಘಾತ ಆಗದಿದ್ದರೆ ಎಲ್ಲರಿಗೂ ಕಂಬಳಿ, ಜೊತೆಗೆ ಒಂದಿಷ್ಟು ಹಣ. ಒಬ್ಬನು ಗಾಯ ಬರೆಸಿದರೆ ಎಲ್ಲರ ಕಂಬಳಿ ಹೋಗುತ್ತದೆ. ಲೈನ್ ಮನೆಯಲ್ಲಿ ಅವನು ಮುಖ ತೋರಿಸುವುದು ಹೇಗೆ? ಸೊನ್ನೆಗೆ ಬಹುಮಾನ ಇಟ್ಟರೆ ಸೊನ್ನೆಯೇ ಬರುತ್ತದೆ, ಗಾಯ ನಿಲ್ಲುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲೂ ಇದೇ ತಪ್ಪು ನಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಕಾರಣ ಕೂಲಿ. ಬರೆಸಿದರೆ ಮನೆಗೆ ಕಳಿಸುತ್ತಾರೆ, ಕೂಲಿ ಹೋಗುತ್ತದೆ ಎಂಬ ಭಯ. ಕೆಲಸದಲ್ಲಿ ಗಾಯವಾಗಿ ಮೂರು ದಿನಕ್ಕಿಂತ ಜಾಸ್ತಿ ಬರಲಾಗದಿದ್ದರೆ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿ ಬಹಳ ಹಿಂದಿನಿಂದ ಇದೆ. ಅಲ್ಲಿ ಯಾರಿಗೂ, ರೈಟರ್‌ಗೂ, ಅದು ಗೊತ್ತಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ಕಾಲು ಉಳುಕಿದವನು ಒಂಬತ್ತು ದಿನ ಸಾಲ ಮಾಡಿ ಊಟ ಮಾಡಿದ್ದ.

ಯಾವುದನ್ನು ಎಣಿಸಬೇಕು?

ಆಡಿಟ್‌ನವರು ಕೇಳುವ ಒಂದು ಲೆಕ್ಕ ಇದೆ. ಹತ್ತು ಲಕ್ಷ ಗಂಟೆ ಕೆಲಸಕ್ಕೆ ಎಷ್ಟು ಗಾಯ ಎಂಬುದು. ಈ ತೋಟಕ್ಕೆ ಅದನ್ನು ಹಾಕಿ ನೋಡಿದೆವು. 38 ಜನ, ದಿನಕ್ಕೆ 8 ಗಂಟೆ, ವರ್ಷಕ್ಕೆ 290 ದಿನ. ಒಟ್ಟು 88,160 ಗಂಟೆ. ವರ್ಷದಲ್ಲಿ ಒಂದು ಗಾಯ ಆದರೆ ದರ 11.3. ಎರಡಾದರೆ 22.7. ಒಂದೂ ಆಗದಿದ್ದರೆ ಸೊನ್ನೆ. ಒಬ್ಬನ ಕಾಲು ಜಾರಿದರೆ ದರ ಸೊನ್ನೆಯಿಂದ ಹನ್ನೊಂದಕ್ಕೆ ಜಿಗಿಯುತ್ತದೆ. ಸಾವಿರಾರು ಜನರಿರುವ ಕಡೆ ಈ ಲೆಕ್ಕ ಏನಾದರೂ ಹೇಳಬಹುದು. ಮೂವತ್ತು ನಲವತ್ತು ಜನರ ತೋಟದಲ್ಲಿ ಅದು ಅದೃಷ್ಟದ ಲೆಕ್ಕ. ಅದನ್ನು ಬರೆದಿಡಿ, ಆದರೆ ಅದನ್ನು ನಂಬಿ ಕೂರಬೇಡಿ ಎಂದು ನಾನು ಮಾಲೀಕರಿಗೆ ಹೇಳಿದೆ.

ಗಾಯ ಆದ ಮೇಲೆ ಎಣಿಸುವುದು ಒಂದು ಬಗೆ. ಗಾಯ ಆಗದಂತೆ ನಾವು ಮಾಡಬೇಕಾದ ಕೆಲಸ ನಡೆಯುತ್ತಿದೆಯೇ ಎಂದು ನೋಡುವುದು ಇನ್ನೊಂದು ಬಗೆ. ಐಎಸ್ಒ 45001 ಎಂಬ 2018ರ ಅಂತಾರಾಷ್ಟ್ರೀಯ ಸುರಕ್ಷತಾ ಮಾನದಂಡದ ಒಂಬತ್ತನೆಯ ಭಾಗ ಪೂರ್ತಿ ಇದರ ಬಗ್ಗೆಯೇ ಇದೆ: ಅಳೆಯಿರಿ, ಒಳಗಿನವರೇ ಪರೀಕ್ಷಿಸಿ, ಆಮೇಲೆ ಯಜಮಾನರು ಕೂತು ಪರಿಶೀಲಿಸಿ. ಮಾನದಂಡದ ಭಾಷೆ ಕಠಿಣ. ಅದನ್ನು ಬದಿಗಿಟ್ಟು ನಾವು ಒಂದೇ ಪ್ರಶ್ನೆ ಹಾಕಿಕೊಂಡೆವು. ಈ ತೋಟದಲ್ಲಿ ಜೀವ ಹೋಗುವುದಾದರೆ ಯಾವುದರಿಂದ ಹೋಗಬಹುದು?

ಮೇಸ್ತ್ರಿ ಒಂದು ನಿಮಿಷದಲ್ಲಿ ಹೇಳಿದ. ಏಣಿ ಮತ್ತು ತಂತಿ. ಮರಗಸಿ. ಆನೆ. ಜನ ತುಂಬಿದ ಪಿಕಪ್. ಔಷಧಿ ಹೊಡೆಯುವುದು. ಇದಕ್ಕೆ ಯಾವ ಆಡಿಟರ್ ಬೇಕು ಹೇಳಿ?

ಒಂದೊಂದಕ್ಕೂ ನೋಡಿ ಹೇಳಬಹುದಾದ ಒಂದು ಗುರುತು ಹುಡುಕಿದೆವು. ತಂತಿಯ ಕೆಳಗೆ, ಅಕ್ಕಪಕ್ಕ ಎಷ್ಟು ಮೆಣಸಿನ ಮರಗಳಿವೆ ಎಂದು ಎಣಿಸಿ ಕೆಂಪು ಬಣ್ಣ ಬಳಿದೆವು. ಇಪ್ಪತ್ತಮೂರು. ಕೆಂಪು ಮರದ ಹತ್ತಿರ ಅಲ್ಯೂಮಿನಿಯಂ ಏಣಿ ಬಂದರೆ ಅದು ತಪ್ಪು, ಯಾರ ಕಣ್ಣಿಗಾದರೂ ಕಾಣುತ್ತದೆ. ಬಿದಿರಿನ ಏಣಿ ಆದೀತಲ್ಲ ಎಂದು ಕೆಲವರು ಅಂದರು. ಒಣ ಬಿದಿರು ಬೇರೆ, ಇಬ್ಬನಿಯಲ್ಲಿ ನೆನೆದ ಬಿದಿರು ಬೇರೆ. ನೆನೆದದ್ದರಲ್ಲೂ ಕರೆಂಟ್ ಹರಿಯುತ್ತದೆ. ಹಾಗಾಗಿ ಆ ಇಪ್ಪತ್ತಮೂರು ಮರಗಳಲ್ಲಿ ಲೈನ್ ಆಫ್ ಮಾಡಿಸದೆ ಯಾವ ಏಣಿಯೂ ಬೇಡ ಎಂದಾಯಿತು.

ಆನೆಯದು ಬೇರೆ ಕಥೆ. ಬೆಳಿಗ್ಗೆ ಹಾಜರಿ ಹಾಕುವ ಮೊದಲು ಕಾವಲುಗಾರ ಬ್ಲಾಕ್ ಸುತ್ತಿ ಬರಬೇಕು. ಹಸಿ ಲದ್ದಿ, ಮುರಿದ ಬಾಳೆ, ಹೆಜ್ಜೆ ನೋಡಬೇಕು. ನೋಡಿದ ಸಮಯವನ್ನು ಪುಸ್ತಕದಲ್ಲಿ ಬರೆಯಬೇಕು. ಅವನು ಬಂದು ಹೇಳುವವರೆಗೆ ಜನ ಒಳಗೆ ಹೋಗುವಂತಿಲ್ಲ. ಇಲ್ಲಿ ಎಣಿಸುವುದು ಆನೆಯನ್ನಲ್ಲ. ಎಷ್ಟು ದಿನ ಸುತ್ತು ಮುಗಿಯುವ ಮೊದಲೇ ಜನರನ್ನು ಕಳಿಸಿದೆವು ಎಂಬುದನ್ನು. ಮೊದಲ ತಿಂಗಳು ಅಂಥ ದಿನಗಳು ಒಂಬತ್ತು ಇದ್ದವು.

ಮೇಜಿನ ಮುಂದೆ ಕೂತು ಹಾಕಿದ ಗುರುತುಗಳು

ಪ್ರತಿ ಶನಿವಾರ ರೈಟರ್ ಮತ್ತು ಒಬ್ಬ ಕೆಲಸಗಾರ ಸೇರಿ ತೋಟ ಸುತ್ತಿ ಹಾಳೆಯಲ್ಲಿ ಗುರುತು ಹಾಕಬೇಕು ಎಂದು ಏರ್ಪಾಡಾಯಿತು. ಏಣಿಯ ಪಾದದ ರಬ್ಬರ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬೆಲ್ಟಿನ ಕವಚ, ವೀಡ್ ಕಟರ್ ಹಿಡಿಯುವವರ ಕನ್ನಡಕ, ಪಿಕಪ್ ಬ್ರೇಕ್, ಹೀಗೆ. ಮೇ ತಿಂಗಳಲ್ಲಿ ನಾನು ಹಾಳೆಗಳನ್ನು ನೋಡಿದಾಗ ಎಲ್ಲವೂ ಸರಿ. ಒಂದೂ ತಪ್ಪಿಲ್ಲ. ಮನಸ್ಸಿಗೆ ಏನೋ ಹಿಡಿಸಲಿಲ್ಲ. ಮಳೆ ಪುಸ್ತಕ ತೆರೆದೆ. ಒಂದು ಶನಿವಾರ ಬೆಳಿಗ್ಗೆಯಿಂದ ಗಾಳಿ ಮಳೆ ಸುರಿದು ಕೆಲಸವೇ ನಡೆದಿರಲಿಲ್ಲ. ಚೆಕ್‌ರೋಲ್ ಖಾಲಿ. ಆದರೆ ಹಾಳೆಯಲ್ಲಿ 'ಕನ್ನಡಕ ಹಾಕಿದ್ದಾರೆ' ಎಂದು ಗುರುತು.

ರೈಟರ್ ಒಳ್ಳೆಯ ಮನುಷ್ಯ. ತಲೆ ತಗ್ಗಿಸಿದ. "ಸಾರ್, ನನ್ನ ಕೈಲಿ ಒಂಬತ್ತು ಪುಸ್ತಕ ಇವೆ" ಎಂದ. ಅದು ನಿಜ. ನಾವೇ ಅವನ ಮೇಲೆ ಹತ್ತನೆಯದನ್ನು ಹೇರಿದ್ದೆವು. ಇಪ್ಪತ್ತಾರು ಪ್ರಶ್ನೆಗಳ ಹಾಳೆಯನ್ನು ಅವತ್ತೇ ಏಳಕ್ಕೆ ಇಳಿಸಿದೆವು. ಸರಿ, ತಪ್ಪು ಎಂಬ ಗುರುತು ತೆಗೆದೆವು. ಬದಲಿಗೆ ಸಂಖ್ಯೆ ಬರೆಯಬೇಕು. ಕನ್ನಡಕ ಎಷ್ಟು ಜನಕ್ಕೆ ಕೊಟ್ಟಿದೆ, ಹತ್ತು ಗಂಟೆಗೆ ಕಣ್ಣಲ್ಲಿ ನೋಡಿದಾಗ ಎಷ್ಟು ಜನ ಹಾಕಿದ್ದರು. ಮೊದಲ ಶನಿವಾರದ ಉತ್ತರ: ಕೊಟ್ಟದ್ದು ನಾಲ್ಕು, ಹಾಕಿದ್ದು ಸೊನ್ನೆ. ಇದು ಅಳೆದು ಬರೆದ ಸೊನ್ನೆ. ಕಾರಣವೂ ಅದೇ ದಿನ ಸಿಕ್ಕಿತು. ನಮ್ಮ ಥಂಡಿಯಲ್ಲಿ ಆ ಕನ್ನಡಕ ಮಂಜು ಹಿಡಿಯುತ್ತದೆ, ದಾರಿ ಕಾಣುವುದಿಲ್ಲ. ಜಾಲರಿಯ ಮುಖಕವಚ ತರಿಸಿದ ಮೇಲೆ ನಾಲ್ಕರಲ್ಲಿ ಮೂವರು ಹಾಕತೊಡಗಿದರು.

ಸ್ವಲ್ಪದರಲ್ಲಿ ತಪ್ಪಿದ್ದು

ನನಗೆ ಇಡೀ ಪ್ರಕರಣದಲ್ಲಿ ತುಂಬ ಕಲಿಸಿದ್ದು ಈ ಭಾಗ. ಏಣಿಯಂಥ ಘಟನೆ ಆಫೀಸಿಗೆ ತಲುಪಬೇಕು. ಪೆಟ್ಟಿಗೆ ಇಟ್ಟು ಚೀಟಿ ಹಾಕಿ ಅಂದರೆ ಆಗುವುದಿಲ್ಲ. ಇಲ್ಲಿ ಎರವ ಬುಡಕಟ್ಟು ಸಮುದಾಯದ ಹೆಂಗಸರಿದ್ದಾರೆ, ಅಸ್ಸಾಮಿನಿಂದ ಬಂದ ಹುಡುಗರಿದ್ದಾರೆ. ಅರ್ಧ ಜನ ಕನ್ನಡ ಓದುವುದಿಲ್ಲ. ಆಫೀಸಿನ ಮೆಟ್ಟಿಲು ಹತ್ತುವುದೂ ಅವರಿಗೆ ಕಷ್ಟ.

ಆದರೆ ಎಲ್ಲರೂ ಸೇರುವ ಒಂದು ಹೊತ್ತಿದೆ. ಸಂಜೆ ಚೀಲ ತೂಗುವ ಹೊತ್ತು. ಕುಯ್ಲು ಇಲ್ಲದ ದಿನಗಳಲ್ಲಿ ಕತ್ತಿ, ಸಾಮಾನು ಒಪ್ಪಿಸುವ ಹೊತ್ತು. ಅಲ್ಲಿ ಮೇಸ್ತ್ರಿ ಒಂದೇ ಪ್ರಶ್ನೆ ಕೇಳಬೇಕು: "ಇವತ್ತು ಸ್ವಲ್ಪದರಲ್ಲಿ ತಪ್ಪಿದ್ದು ಏನಾದ್ರೂ ಇದ್ಯಾ?" ಹೇಳಿದವರ ಹೆಸರು ಬರೆಯುವುದಿಲ್ಲ. ಹೇಳಿದ್ದಕ್ಕೆ ಯಾರನ್ನೂ ಬೈಯುವುದಿಲ್ಲ. ಕಂಬಳಿ ಎಲ್ಲರಿಗೂ ಸಿಗುತ್ತದೆ, ಅಪಘಾತ ಆಗಲಿ ಬಿಡಲಿ. ಮಾಲೀಕರೇ ನಿಂತು ಇದನ್ನು ಹೇಳಿದರು. ಅಸ್ಸಾಮಿನ ಹುಡುಗರಿಗೆ ಅವರಲ್ಲೇ ಒಬ್ಬ ಹೇಳಿ ತಿಳಿಸಿದ.

ಒಂದು ವಾರ ಯಾರೂ ಬಾಯಿ ಬಿಡಲಿಲ್ಲ. ಎರಡನೇ ವಾರ ವಯಸ್ಸಾದ ಒಬ್ಬ ಎರವ ಅಜ್ಜಿ ಮಾತಾಡಿದರು. ಆನೆ ತಡೆಯುವ ಕಂದಕದ ಒಂದು ಕಡೆ ಮಣ್ಣು ಕುಸಿದಿದೆ, ಮೂರು ದಿನದಿಂದ ಆನೆ ಅಲ್ಲಿಂದಲೇ ಬರುತ್ತಿದೆ, ನಾವು ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೇವೆ ಎಂದರು. ಮಾರನೇ ದಿನ ಬೆಳಿಗ್ಗೆ ದಾರಿ ಬದಲಾಯಿತು. ಸಂಜೆ ಮೇಸ್ತ್ರಿ ಅದನ್ನು ಎಲ್ಲರ ಎದುರು ಹೇಳಿದ. ಬಾಯಿ ಬಿಟ್ಟದ್ದು ಅಲ್ಲಿಂದ. ಹೇಳಿದರೆ ಏನೋ ಆಗುತ್ತದೆ ಎಂದು ಕಣ್ಣಿಗೆ ಕಾಣಬೇಕು. ಮೂರು ತಿಂಗಳಲ್ಲಿ ಪುಸ್ತಕದಲ್ಲಿ ಹದಿನೇಳು ಸಾಲು ತುಂಬಿದವು.

ಮಾಲೀಕರು ಗಾಬರಿಯಾದರು. "ಅಣ್ಣ, ಸೊನ್ನೆ ಇದ್ದದ್ದು ಹದಿನೇಳು ಆಯ್ತಲ್ಲ. ಆಡಿಟ್‌ನವರಿಗೆ ಏನಂತ ತೋರಿಸಲಿ?" ತೋಟದಲ್ಲಿ ಅಪಾಯ ಜಾಸ್ತಿಯಾಗಿಲ್ಲ, ಇದ್ದದ್ದು ಈಗ ಕಾಣುತ್ತಿದೆ ಎಂದೆ. ಹದಿನೇಳನ್ನೇ ತೋರಿಸಿ, ಅದರಲ್ಲಿ ಎಷ್ಟಕ್ಕೆ ಕೆಲಸ ಮುಗಿದಿದೆ ಎಂಬುದನ್ನೂ ತೋರಿಸಿ ಎಂದೆ. ಅವತ್ತು ಹನ್ನೊಂದು ಮುಗಿದಿದ್ದವು.

ಇಲ್ಲಿ ಒಂದು ಎಚ್ಚರ ಬೇಕು. ಹೆನ್ರಿಚ್ ಎಂಬ ಅಮೆರಿಕದ ವಿಮಾ ಕಂಪನಿಯ ಅಧಿಕಾರಿ 1931ರಲ್ಲಿ ಒಂದು ಲೆಕ್ಕ ಕೊಟ್ಟ. ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯ, ಗಾಯವೇ ಆಗದ 300 ಘಟನೆ. ಸುರಕ್ಷತೆಯ ತರಬೇತಿಯಲ್ಲೆಲ್ಲ ಈ ಪಿರಮಿಡ್ ಬರುತ್ತದೆ. ಸಣ್ಣದನ್ನು ಕಡಿಮೆ ಮಾಡಿದರೆ ದೊಡ್ಡದು ತಾನಾಗಿ ಕಡಿಮೆಯಾಗುತ್ತದೆ ಎಂದು ಅನೇಕರು ಅದನ್ನು ಓದುತ್ತಾರೆ. ನಾನು ಒಪ್ಪುವುದಿಲ್ಲ. ಕಾಫಿ ಕಡ್ಡಿ ತರಚಿದ ಮುನ್ನೂರು ಗಾಯ ನಿಲ್ಲಿಸಿದರೂ ಏಣಿ ತಂತಿಗೆ ತಗುಲುವುದು ನಿಲ್ಲುವುದಿಲ್ಲ. ಅದಕ್ಕೇ ಪುಸ್ತಕದಲ್ಲಿ ಎರಡು ಅಂಕಣ ಮಾಡಿದೆವು. ಒಂದು, ಏನಾಯಿತು. ಇನ್ನೊಂದು, ಏನಾಗಬಹುದಿತ್ತು. ಎರಡನೆಯದರಲ್ಲಿ 'ಜೀವ' ಎಂದು ಬರೆದದ್ದು ಅದೇ ರಾತ್ರಿ ಮಾಲೀಕರಿಗೆ ಫೋನ್ ಹೋಗಬೇಕು. ಹದಿನೇಳರಲ್ಲಿ ಅಂಥವು ನಾಲ್ಕು ಇದ್ದವು.

ಔಷಧಿ ಹೊಡೆಯುವ ವಿಷಯದಲ್ಲಿ ಈ ಪುಸ್ತಕವೂ ಸಾಲದು. ಗಾಯ ಅದೇ ದಿನ ಕಾಣುತ್ತದೆ, ಕಾಯಿಲೆ ಕಾಣುವುದಿಲ್ಲ. ಮುಂಗಾರಿನ ಮೊದಲು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಕಣ್ಣು ಉರಿ, ಚರ್ಮದ ಕೆರೆತ ಎಲ್ಲ ಮಾಮೂಲು ಎಂದು ಬಿಡುತ್ತಾರೆ. ಕೀಟನಾಶಕದ ಡಬ್ಬದ ಮೇಲಿನ ಬಣ್ಣದ ಗುರುತನ್ನು ಓದಿ ಹೇಳಿದವರೂ ಇರಲಿಲ್ಲ. ಕೆಂಪು ಎಲ್ಲಕ್ಕಿಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಪ್ಲಾಂಟೇಷನ್ ಕಾರ್ಮಿಕರ 1951ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಈ ಬಗ್ಗೆ ಸ್ಪಷ್ಟವಾಗಿತ್ತು. ರಾಸಾಯನಿಕ ಮುಟ್ಟುವ ಕೆಲಸಗಾರರನ್ನು ಆಗಾಗ ವೈದ್ಯರಿಗೆ ತೋರಿಸಬೇಕು, ಒಬ್ಬೊಬ್ಬರ ಆರೋಗ್ಯದ ದಾಖಲೆ ಇಡಬೇಕು. ಈ ತೋಟದಲ್ಲಿ ಯಾರು ಎಷ್ಟು ದಿನ ಹೊಡೆದರು ಎಂಬುದೇ ಗೊತ್ತಿರಲಿಲ್ಲ. ಚೆಕ್‌ರೋಲ್‌ನಿಂದ ತೆಗೆದು ನೋಡಿದರೆ ಇಡೀ ಕೆಲಸವನ್ನು ಪ್ರತಿ ವರ್ಷ ಅದೇ ಇಬ್ಬರು ಮಾಡುತ್ತಿದ್ದರು. ಈಗ ಆರು ಜನ ಸರದಿಯಲ್ಲಿ ಮಾಡುತ್ತಾರೆ. ಮಾರನೇ ಬೆಳಿಗ್ಗೆ ತಲೆ ಸುತ್ತು, ವಾಂತಿ, ಕಣ್ಣು ಉರಿ ಇದೆಯಾ ಎಂದು ಕೇಳಿ ಬರೆಯುತ್ತಾರೆ. ಆ ಇಬ್ಬರನ್ನು ವೈದ್ಯರಿಗೆ ತೋರಿಸಿದರು. ಒಬ್ಬರಿಗೆ ಕೈಯ ಚರ್ಮಕ್ಕೆ ಚಿಕಿತ್ಸೆ ಇನ್ನೂ ನಡೆಯುತ್ತಿದೆ.

ಜುಲೈನ ಕೂಟ

ಜುಲೈ ಕೊನೆಯಲ್ಲಿ, ಮಳೆಗೆ ಕೆಲಸ ಕಡಿಮೆ ಇದ್ದ ದಿನ ನೋಡಿ, ಪರಿಶೀಲನೆಗೆ ಕೂತೆವು. ಮಾಲೀಕರು, ರೈಟರ್, ಮೇಸ್ತ್ರಿ, ಪಿಕಪ್ ಡ್ರೈವರ್, ಇಬ್ಬರು ಹೆಂಗಸರು, ಅಸ್ಸಾಮಿನ ಒಬ್ಬ ಹುಡುಗ. ಎಲ್ಲರೂ ಕುರ್ಚಿಯಲ್ಲೇ ಕೂರಬೇಕು ಎಂದು ನಾನು ಹಟ ಹಿಡಿದೆ. ಹೆಂಗಸರು ಬಾಗಿಲ ಬಳಿ ನಿಲ್ಲಲು ಹೊರಟಿದ್ದರು.

ನಿಯಮ ಒಂದೇ. ಪ್ರತಿ ವಿಷಯದ ಮುಂದೆ ಯಾರು, ಯಾವ ದಿನದೊಳಗೆ, ಎಷ್ಟು ದುಡ್ಡು ಎಂದು ಬರೆಯದೆ ಮುಂದಕ್ಕೆ ಹೋಗುವಂತಿಲ್ಲ. 'ಎಚ್ಚರಿಕೆ ವಹಿಸಬೇಕು' ಎಂದು ಬರೆದರೆ ಅದನ್ನು ಹೊಡೆದುಹಾಕುವುದು.

ಡ್ರೈವರ್ ಮೊದಲು ಮಾತಾಡಿದ. "ಸಾವ್ಕಾರ್ರೆ, ಜಾಸ್ತಿ ಜನ ಹಾಕಬೇಡ ಅಂತೀರಿ. ಎರಡು ಟ್ರಿಪ್ ಹೊಡೆದ್ರೆ ಡೀಸೆಲ್ ಯಾಕೆ ಜಾಸ್ತಿ ಅಂತಾನೂ ನೀವೇ ಕೇಳ್ತೀರಿ." ಕೋಣೆ ಗಪ್ಪಾಯಿತು. ಮಾಲೀಕರು ಕೋಪ ಮಾಡಿಕೊಳ್ಳಲಿಲ್ಲ. ಅದು ಅವರ ದೊಡ್ಡತನ. ಎರಡನೇ ಟ್ರಿಪ್ಪಿನ ಡೀಸೆಲ್ ಲೆಕ್ಕ ಬೇರೆ ಬರೆಯಲಿ, ನಾನು ಕೇಳುವುದಿಲ್ಲ ಎಂದು ಅಲ್ಲೇ ಸಹಿ ಹಾಕಿದರು.

ಆಮೇಲೆ ಬಂತು ತಂತಿಯ ವಿಷಯ. ಲೈನ್ ಬದಲಿಸಿಕೊಡಿ, ಆಗದಿದ್ದರೆ ಕುಯ್ಲಿನ ದಿನ ಲೈನ್ ಆಫ್ ಮಾಡಿಕೊಡಿ ಎಂದು ವಿದ್ಯುತ್ ಕಂಪನಿ ಚೆಸ್ಕಾಂಗೆ ಅರ್ಜಿ ಕೊಡುವುದು ಏಪ್ರಿಲ್‌ನಲ್ಲೇ ಆಗಬೇಕಿತ್ತು. ಹೆಸರು: ಮಾಲೀಕರು. ಅರ್ಜಿ ಹೋಗಿರಲಿಲ್ಲ. ಮೇ, ಜೂನ್, ಜುಲೈ ಮೂರೂ ತಿಂಗಳ ಹಾಳೆಯಲ್ಲಿ 'ಬಾಕಿ' ಎಂದಿತ್ತು. ಸಣ್ಣಪುಟ್ಟ ಹನ್ನೊಂದು ಕೆಲಸ ಮುಗಿದಿದ್ದವು. ಇಡೀ ಲೆಕ್ಕ ಶುರುವಾದದ್ದೇ ಯಾವುದರಿಂದಲೋ ಅದು ಮಾತ್ರ ಬಾಕಿ. ತಪ್ಪಿನಲ್ಲಿ ನನ್ನ ಪಾಲೂ ಇದೆ. ಹದಿನೇಳರಲ್ಲಿ ಹನ್ನೊಂದು ಎಂದು ಲೆಕ್ಕ ಹಾಕಿ ನಾನೂ ಸಮಾಧಾನಪಟ್ಟಿದ್ದೆ. ಯಾವ ಹನ್ನೊಂದು ಎಂದು ನೋಡಿರಲಿಲ್ಲ. ಅವತ್ತಿನಿಂದ 'ಜೀವ' ಎಂದಿರುವ ಸಾಲುಗಳ ಲೆಕ್ಕವನ್ನು ಬೇರೆಯಾಗಿಯೇ, ಮೊದಲನೆಯದಾಗಿ ಓದುತ್ತೇವೆ. ಉಳಿದದ್ದರ ಜೊತೆ ಕೂಡಿಸುವುದಿಲ್ಲ.

ಮರುದಿನ ಅರ್ಜಿ ಹೋಯಿತು.

ಮತ್ತೆ ಫೆಬ್ರುವರಿ

ಮುಂದಿನ ಕುಯ್ಲಿಗೆ ಒಂದು ದಿನ ಲೈನ್ ಆಫ್ ಸಿಕ್ಕಿತು. ಆ ದಿನ ಎಲ್ಲರೂ ಸೇರಿ ಕೆಂಪು ಮರಗಳನ್ನೇ ಹಿಡಿದರು. ಹದಿನೇಳು ಮರ ಮುಗಿದವು. ಸಂಜೆ ಲೈನ್ ಬಂತು. ಆರು ಮರ ಉಳಿದವು. ಮೆಣಸು ಹಣ್ಣಾಗಿ ಕೆಂಪು ಕಾಣುತ್ತಿತ್ತು. ಒಂದೇ ಗಂಟೆ ಸಾಕು, ಜೋಪಾನವಾಗಿ ಬಿಡಿಸಿಬಿಡೋಣ ಎಂದು ಮೇಸ್ತ್ರಿ ಕೇಳಿದ. ಮಾಲೀಕರು ಮರಗಳನ್ನು ಒಂದು ಸಲ ನೋಡಿದರು. "ಬೇಡ. ಉದುರಲಿ" ಎಂದರು.

ಲೈನ್ ಬದಲಿಸುವ ಕೆಲಸ ಇನ್ನೂ ಬಾಕಿ ಇದೆ. ಪ್ರತಿ ತಿಂಗಳ ಹಾಳೆಯಲ್ಲಿ ಅದು ಮೊದಲ ಸಾಲು. ಅಪಘಾತ ಪುಸ್ತಕ ಈಗ ಮಳೆ ಪುಸ್ತಕದ ಪಕ್ಕದಲ್ಲೇ ಇರುತ್ತದೆ. ಕಳೆದ ಸಲ ಹೋದಾಗ ತೆರೆದು ನೋಡಿದೆ. ಕೊನೆಯ ಸಾಲು ರೈಟರ್ ಅಕ್ಷರದಲ್ಲಿ ಇರಲಿಲ್ಲ. ಶಾಲೆಗೆ ಹೋಗುವ ಮಗಳ ಕೈಯಲ್ಲಿ ಒಬ್ಬಾಕೆ ಬರೆಸಿದ್ದಳು: ಮೂರನೇ ನಂಬರ್ ಏಣಿ ಜಾರಿತು. ಯಾರಿಗೂ ಏನೂ ಆಗಿಲ್ಲ. ಒಂದು ಪಾದದಲ್ಲಿ ರಬ್ಬರ್ ಇಲ್ಲ. ಏಣಿಯನ್ನು ಶೆಡ್ಡಿನ ಹಿಂದೆ ಇಟ್ಟಿದ್ದೇವೆ, ರಿಪೇರಿ ಆಗುವವರೆಗೆ ಯಾರೂ ತೆಗೆಯಬೇಡಿ.